ಕನ್ನಡ ಓದುಗರ ಲೆಕ್ಕ ಕಸದ ಬುಟ್ಟಿಗೆ!



"ಕನ್ನಡದಲ್ಲಿ ಯಾರ್ರೀ ಓದ್ತಾರೆ?" ಬ್ಯಾಂಕಿಗೆ ಹೋಗಿ ಕನ್ನಡದ ಆ್ಯಪ್ ಕೇಳಿ, ಕಂಪನಿಗೆ ಹೋಗಿ ಕನ್ನಡ ತಾಣಕ್ಕೊಂದು ಜಾಹೀರಾತು ಕೇಳಿ, ಮುಖಕ್ಕೆ ಹೊಡೆದಂತೆ ಬರುವ ಉತ್ತರ ಇದೇ. ಇದಕ್ಕೆ ಘೋಷಣೆ ಕೂಗಿದರೆ ಸಾಲದು. ಅಂಕಿ ಬೇಕು. ನಮ್ಮ ತಾಣಕ್ಕೆ ಎಷ್ಟು ಜನ ಬಂದರು, ಯಾವ ಊರಿನವರು, ಹೋದ ವರ್ಷಕ್ಕಿಂತ ಎಷ್ಟು ಹೆಚ್ಚಾದರು ಎಂಬ ಲೆಕ್ಕ ಬೇಕು.

ಆ ಲೆಕ್ಕವನ್ನು ನಮ್ಮವರು ಯಾರ ಕೈಗೆ ಕೊಟ್ಟಿದ್ದರು? ಗೂಗಲ್ ಕೈಗೆ. ಬಿಟ್ಟಿ ಸಿಕ್ಕಿತು, ಕೊಟ್ಟರು. ಗೂಗಲ್ಲಿನ ಹಳೆಯ ಎಣಿಕೆ ವ್ಯವಸ್ಥೆ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಎಣಿಸುವುದನ್ನು ನಿಲ್ಲಿಸಿತು. 2024ರ ಜುಲೈನಲ್ಲಿ ಹಳೆಯ ಲೆಕ್ಕದ ಬಾಗಿಲನ್ನೇ ಮುಚ್ಚಿದರು, ಒಳಗಿದ್ದದ್ದನ್ನು ಅಳಿಸಿದರು. ಹೊಸ ವ್ಯವಸ್ಥೆ ಜಿಎ4ಕ್ಕೆ ಹಳೆಯ ಅಂಕಿಯನ್ನು ಸಾಗಿಸುವ ದಾರಿಯೇ ಇರಲಿಲ್ಲ. ಹೇಳದೆ ಮಾಡಿದರು ಎನ್ನುವಂತಿಲ್ಲ, 2022ರ ಮಾರ್ಚಿನಲ್ಲೇ ಹೇಳಿದ್ದರು. ನಾನು ಅಚ್ಚು ಹಾಕಿಕೊಡುವ ಒಂದು ಸಂಘಕ್ಕೂ ಪತ್ರ ಬಂದಿತ್ತು. ಬಂದದ್ದು ಇಂಗ್ಲಿಷಿನಲ್ಲಿ, ತಾಣ ಕಟ್ಟಿಕೊಟ್ಟ ಹುಡುಗನ ಸ್ವಂತ ಇ-ಮೇಲಿಗೆ. ಅವನು ಅಷ್ಟರಲ್ಲಿ ಬೇರೆ ಕೆಲಸ ಹಿಡಿದು ಹೋಗಿದ್ದ. ಆರೇಳು ವರ್ಷದ ಲೆಕ್ಕ ಕಣ್ಣೆದುರೇ ಮಣ್ಣುಪಾಲು. ಸಂಘದ ಬೀಗದ ಕೈ ಸಂಘದ ಹೆಸರಿನಲ್ಲಿರಬೇಕು ಎಂಬಷ್ಟು ಬುದ್ಧಿಯೂ ನಮಗಿರಲಿಲ್ಲ!

ಲೆಕ್ಕ ಕಳೆಯದೆ ಸಾಗಿಸುವುದು ಹೇಗೆಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ಶಿಕಾರಿಪುರ, ಸೊರಬದ ಕಡೆ ಬನ್ನಿ. ಇಲ್ಲಿ ಊರೂರಿಗೆ ಶಾಸನದ ಕಲ್ಲು. ಬಿ.ಎಲ್. ರೈಸ್ ಅವನ್ನು ಪ್ರತಿ ಮಾಡಿಸಿ, ಶಿಕಾರಿಪುರದವನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ, ಸೊರಬದವನ್ನು 1904ರಲ್ಲಿ 8ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಒಂದೊಂದು ಕಲ್ಲಿಗೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ, ಊರು, ಅದು ನಿಂತಿರುವ ಜಾಗ. ತಾಳಗುಂದದ ಕಂಬ 'ಶಿಕಾರಿಪುರ 176'. ವಿದ್ವಾಂಸರು ಇವತ್ತಿಗೂ ಆ ಸಂಖ್ಯೆ ಹಿಡಿದೇ ಮಾತಾಡುತ್ತಾರೆ. ಪುಸ್ತಕ ಬಂತೆಂದು ಯಾರೂ ಕಂಬ ಕೆಡವಲಿಲ್ಲ!

ನೀವೂ ಹಾಗೇ ಮಾಡಿ. ಹೊಸ ಎಣಿಕೆ ಹಾಕಿದ ದಿನವೇ ಹಳೆಯದನ್ನು ಕೀಳಬೇಡಿ, ಒಂದೆರಡು ತಿಂಗಳು ಎರಡೂ ಜೊತೆಗೆ ಓಡಲಿ. ಎರಡರ ಅಂಕಿ ಒಂದೇ ಬರುವುದಿಲ್ಲ. ಹಳೆಯ ಗೂಗಲ್ ಬಂದವರನ್ನೆಲ್ಲ 'ಬಳಕೆದಾರರು' ಎಂದು ಎಣಿಸುತ್ತಿತ್ತು. ಜಿಎ4 ಮುಂದಿಡುವುದು 'ಸಕ್ರಿಯ' ಬಳಕೆದಾರರನ್ನು. ಸೇರಿನಲ್ಲಿ ಅಳೆದದ್ದನ್ನೂ ಕಿಲೋದಲ್ಲಿ ತೂಗಿದ್ದನ್ನೂ ಒಂದೇ ಗೆರೆಯಲ್ಲಿ ಎಳೆದು "ಕನ್ನಡ ಓದುಗರು ಕುಸಿದರು" ಎನ್ನುವವರು ಬರುತ್ತಾರೆ. ಅಳತೆ ಬದಲಾದ ದಿನಾಂಕ ನಿಮ್ಮ ಬಳಿ ಬರೆದಿಟ್ಟಿರಲಿ. ಜಿಎ4 ವ್ಯಕ್ತಿವಾರು ವಿವರವನ್ನು ಇಟ್ಟುಕೊಳ್ಳುವುದು, ನೀವು ಏನೂ ಹೇಳದಿದ್ದರೆ, ಬರೀ 2 ತಿಂಗಳು. ಅದನ್ನು 14ಕ್ಕೆ ಏರಿಸಿ. ಗೂಗಲ್ ಸಹವಾಸವೇ ಬೇಡ ಎನ್ನುವವರಿಗೆ ಮಟೊಮೊ ಇದೆ, ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. ಗೂಗಲ್ಲಿನ ವರದಿಗಳನ್ನು ಅದಕ್ಕೆ ತರುವ ಪ್ಲಗಿನ್ ಕೂಡ ಇದೆ. ಬರುವುದು ಒಟ್ಟು ಮೊತ್ತ ಮಾತ್ರ, ಒಂದೊಂದು ಭೇಟಿಯ ವಿವರವಲ್ಲ.

ಕನ್ನಡದವರಿಗೇ ಇರುವ ಅಪಾಯವೊಂದಿದೆ. ತಿಂಗಳಿಗೊಮ್ಮೆ ವರದಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಿ, ಸರಿ. ಅದನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡದ ಶೀರ್ಷಿಕೆಗಳು ಕಾಗೆ ಕಾಲು ಗುಬ್ಬಿ ಕಾಲು ಆಗಬಹುದು. ಹಾಗೇ ಸೇವ್ ಒತ್ತಿದಿರೋ, ಮುಗಿಯಿತು. ಡೇಟಾ ಮೆನುವಿನಿಂದ ಯುಟಿಎಫ್-8 ಎಂದು ಆರಿಸಿ ತೆರೆಯಿರಿ. ನುಡಿಯಿಂದ ಯೂನಿಕೋಡಿಗೆ ಬರುವಾಗ ಅರ್ಕಾವೊತ್ತು ಎಲ್ಲೆಲ್ಲೋ ಕೂತ ಲಗ್ನಪತ್ರಿಕೆಗಳನ್ನು ನೋಡಿ ಬೈಸಿಕೊಂಡವನು ನಾನು. ಕನ್ನಡದಲ್ಲಿರುವ ಪುಟದ ವಿಳಾಸವೂ ಹಾಗೇ, ಶೇಕಡಾ ಚಿಹ್ನೆಗಳ ಸಾಲಾಗಿ ಬಂದುಬಿಡುತ್ತದೆ. 'ಕ' ಒಂದಕ್ಕೇ ಒಂಬತ್ತು ಚಿಹ್ನೆ! ಯಾವ ವಿಳಾಸ ಯಾವ ಲೇಖನದ್ದು ಎಂಬ ಪಟ್ಟಿ ಬೇರೆ ಇಡಿ.

ಇನ್ನು ಆ ವರದಿಯಲ್ಲಿ 'ಭಾಷೆ' ಎಂಬ ಕಾಲಂ ಇದೆ. ಅದು ನೀವು ಓದಿದ ಭಾಷೆಯಲ್ಲ, ನಿಮ್ಮ ಫೋನಿನ ಅಥವಾ ಬ್ರೌಸರಿನ ಭಾಷೆ. ಫೋನು ಇಂಗ್ಲಿಷಿನಲ್ಲಿದ್ದರೆ ದಿನವಿಡೀ ಕನ್ನಡ ಓದಿದರೂ ನೀವು ಇಂಗ್ಲಿಷಿನವರ ಪಟ್ಟಿಗೆ. ನವೆಂಬರಿನಲ್ಲಿ ಹಳದಿ-ಕೆಂಪು ಶಾಲು ಹೊದ್ದು ತಿರುಗುವವರಲ್ಲಿ ಎಷ್ಟು ಜನರ ಫೋನು ಕನ್ನಡದಲ್ಲಿದೆ? ನನ್ನದೂ ಮೊನ್ನೆಯವರೆಗೆ ಇಂಗ್ಲಿಷಿನಲ್ಲೇ ಇತ್ತು, ಒಪ್ಪುತ್ತೇನೆ. ಬದಲಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.