ಎಣಿಸಿ ನೋಡಿದರೆ ಗಂಡನ ಪಾಲೇ ಜಾಸ್ತಿ!

ಕಳೆದ ತಿಂಗಳು ಹಾವೇರಿಯಲ್ಲಿ ನನ್ನ ಇಂಜಿನಿಯರಿಂಗ್ ಗೆಳೆಯನ ಮದುವೆ. ಚರ್ಚಿನಿಂದ ಹೊರಬಂದು ನಮ್ಮೂರಿನ ಏಲಕ್ಕಿ ಹಾರ ಹಾಕಿಕೊಂಡು ಇಬ್ಬರೂ ನಿಂತಿದ್ದರು. ರಾಣೆಬೆನ್ನೂರಿನಿಂದ ಬಂದಿದ್ದ ಹಿರಿಯರೊಬ್ಬರು ಮದುಮಗಳಿಗೆ, "ನೋಡವ್ವಾ, ಗಂಡಗ ತಗ್ಗಿ ನಡೀಬೇಕು, ಬೈಬಲ್‌ನಾಗ ಹಂಗ ಬರದೈತಿ" ಅಂದರು. ಮದುಮಗನಿಗೆ ಯಾರೂ ಏನೂ ಹೇಳಲಿಲ್ಲ!

ನಾನು ಕ್ರೈಸ್ತನಲ್ಲ. ಆದರೂ ಬೆಂಗಳೂರಿಗೆ ಬಂದ ಮೇಲೆ ಕುತೂಹಲಕ್ಕೆ ಓದಿದೆ. ಪೌಲ ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ. ಹೆಂಡತಿಗೆ ಹೇಳಿರುವುದು 22ರಿಂದ 24, ಮೂರೇ ವಚನ. 25ರಿಂದ ಮುಂದೆ ಹೆಚ್ಚಿನದೆಲ್ಲ ಗಂಡನಿಗೆ. ಕ್ರಿಸ್ತ ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಬೇಕಂತೆ! ಅದಕ್ಕೂ ಮೊದಲು 21ರಲ್ಲೇ, ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕು ಅಂತಿದೆ.

ಕಾನೂನೂ ಹೀಗೇ ಒಂದು ಕಡೆ ವಾಲಿತ್ತು. 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿ ಮಾತ್ರ ಅದರ ಜೊತೆಗೆ ಕ್ರೌರ್ಯವನ್ನೋ, ತನ್ನನ್ನು ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಅದು ಸರಿಹೋಗಿದ್ದು 2001ರ ತಿದ್ದುಪಡಿಯಲ್ಲಿ.

ನನ್ನ ಗೆಳೆಯನ ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸಿ, ಆ ಘಾಟಿನಲ್ಲಿ ಕೆಮ್ಮುತ್ತಲೇ ಇವನ ಫೀಸು ಕಟ್ಟಿದವರು. ಗಂಡನ ಎದುರು ಒಂದು ದಿನವೂ ದನಿ ಎತ್ತಿದವರಲ್ಲ. ತಿರುಗಿ ಅವರಿಗೆ ಸಿಕ್ಕಿದ್ದೇನು ಅಂತ ಕೇಳಿದರೆ ಗೆಳೆಯ ಸುಮ್ಮನಾಗುತ್ತಾನೆ.

ಗೌರವ ಬೇಡ ಅನ್ನುತ್ತಿಲ್ಲ ನಾನು. ಪ್ರೀತಿ ಇರುವ ಕಡೆ ಅದು ಕೇಳದೇ ಬರುತ್ತೆ. ಮುಂದಿನ ಮದುವೆಯಲ್ಲಾದರೂ ಹಿರಿಯರು ಮದುಮಗನ ಕಡೆ ತಿರುಗಿ 25ನೇ ವಚನದಿಂದ ಶುರು ಮಾಡಲಿ. ಏನಂತೀರಿ?