ವಲಯ ಒಂದೇ, ನೆಲ ಬೇರೆ ಬೇರೆ: ಊರಲ್ಲಿ ಫ್ಲಾಟ್ ಬುಕ್ ಮಾಡುವ ಮುನ್ನ

2013ರ ಏಪ್ರಿಲ್ 16ರಂದು ಭೂಮಿ ನಡುಗಿದ್ದು ಇರಾನ್-ಪಾಕಿಸ್ತಾನ ಗಡಿಯಲ್ಲಿ. ಆದರೆ ಸಮುದ್ರದ ಈಚೆ ದುಬೈ, ಅಬುಧಾಬಿಯ ಎತ್ತರದ ಕಟ್ಟಡಗಳು ತೂಗಾಡಿ, ಜನ ಮೆಟ್ಟಿಲಿಳಿದು ರಸ್ತೆಗೆ ಬಂದರು. ಆಗ ಇಲ್ಲಿದ್ದ ಹಳಬರು ಅದನ್ನು ಮರೆತಿಲ್ಲ. ಆದರೂ ಊರಲ್ಲಿ ಫ್ಲಾಟ್ ಬುಕ್ ಮಾಡುವಾಗ "ಬೆಂಗಳೂರಿಗೆ ಭೂಕಂಪದ ಭಯ ಇಲ್ಲ ಬಿಡಿ ಸಾರ್" ಅನ್ನೋ ಮಾತಿಗೆ ಸುಮ್ಮನೆ ತಲೆಯಾಡಿಸಿಬಿಡುತ್ತಾರೆ.

ಆ ಮಾತು ಪೂರ್ತಿ ಸುಳ್ಳೇನಲ್ಲ. 2016ರ ಐಎಸ್ 1893 ಸಂಹಿತೆಯ ಪ್ರಕಾರ ಬೆಂಗಳೂರು ಅತಿ ಕಡಿಮೆ ಅಪಾಯದ 2ನೇ ವಲಯದಲ್ಲಿದೆ, ಮಂಗಳೂರು 3ನೇ ವಲಯದಲ್ಲಿ. ಆದರೆ ವಲಯ ಅನ್ನೋದು ಇಡೀ ಊರಿಗೆ ಕೊಟ್ಟ ಒಂದೇ ಅಂಕಿ. ಬಂಡೆಯ ಮೇಲಿನ ಮನೆಗೂ, ಕೆರೆ ಮುಚ್ಚಿ ಕಟ್ಟಿದ ಮನೆಗೂ ಅದೇ ಅಂಕಿ.

ಅಂಕಿ ಒಂದೇ ಆದರೂ ಅಲುಗಾಟ ಒಂದೇ ಆಗಿರೋದಿಲ್ಲ. 1985ರಲ್ಲಿ ಮೆಕ್ಸಿಕೋ ನಗರದಿಂದ 350 ಕಿ.ಮೀ.ಗೂ ದೂರದಲ್ಲಿ ಭೂಕಂಪವಾಯಿತು. ನಗರದ ಗಟ್ಟಿ ನೆಲದ ಭಾಗ ಬಹುಪಾಲು ಉಳಿಯಿತು. ಹಳೇ ಸರೋವರದ ಜೇಡಿಮಣ್ಣಿನ ಮೇಲಿದ್ದ ಬಹುಮಹಡಿ ಕಟ್ಟಡಗಳು ನೆಲಕಚ್ಚಿ ಸಾವಿರಾರು ಜನ ಸತ್ತರು. 2001ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲೂ ಅಪಾರ್ಟ್‌ಮೆಂಟುಗಳು ಕುಸಿದವು. ನದಿ ತಂದು ಹಾಕಿದ ಮೆಕ್ಕಲು ಮಣ್ಣು ಒಂದು ಕಾರಣ, ಕೆಳಗೆ ಗೋಡೆಯಿಲ್ಲದೆ ಬರೀ ಕಂಬಗಳ ಪಾರ್ಕಿಂಗ್ ಇನ್ನೊಂದು.

ಬೆಂಗಳೂರಿನಲ್ಲಿ ಕೆರೆಗಳಿಗೇನು ಕೊರತೆ? ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ನಗರದ ಸುಮಾರು 220 ಚದರ ಕಿ.ಮೀ. ನೆಲವನ್ನು ಪರೀಕ್ಷಿಸಿತು. ನೆಲಕ್ಕೆ ಸುತ್ತಿಗೆ ಪೆಟ್ಟು ಕೊಟ್ಟು, ಸಾಲಾಗಿ ಇಟ್ಟ ಸಂವೇದಕಗಳಿಂದ ಅಲೆಯ ವೇಗ ಅಳೆಯುವ ವಿಧಾನ ಅದು. ಮೇಲಿನ 30 ಮೀಟರಿನಲ್ಲಿ ವೇಗ ಸೆಕೆಂಡಿಗೆ 760 ಮೀಟರ್ ದಾಟಿದರೆ ಬಂಡೆ. ನಗರದ ಹೆಚ್ಚಿನ ಭಾಗ ಸಿಕ್ಕಿದ್ದು 180ರಿಂದ 360ರ 'ಡಿ' ವರ್ಗದಲ್ಲಿ.

ಸೈಟಿನ ಮಟ್ಟಿಗೆ ಪರೀಕ್ಷೆ ಇನ್ನೂ ಸರಳ. ಗಲ್ಫ್‌ನ ಕಟ್ಟಡ ಕೆಲಸದವರು ಕಣ್ಣಾರೆ ನೋಡಿರುತ್ತಾರೆ. 63.5 ಕೆ.ಜಿ. ತೂಕವನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸೋದು. ಇದೇ 'ಎನ್' ಅಂಕಿ. ಸ್ಥೂಲವಾಗಿ 30 ದಾಟಿದರೆ ಗಟ್ಟಿ, 10ಕ್ಕಿಂತ ಕಡಿಮೆಯಾದರೆ ಮೆತ್ತನೆ, ನಡುವೆ ಮಧ್ಯಮ.

ಲೆಕ್ಕ ಇಲ್ಲಿದೆ. ಎತ್ತರದ ಕಟ್ಟಡ ತಡೆಯಬೇಕಾದ ಭೂಕಂಪದ ಬಲ ಗಟ್ಟಿ ನೆಲದಲ್ಲಿ 100 ಅಂತ ಹಿಡಿದರೆ, ಸಂಹಿತೆಯ ಪ್ರಕಾರ ಮಧ್ಯಮ ನೆಲದಲ್ಲಿ 136, ಮೆತ್ತನೆ ನೆಲದಲ್ಲಿ 167. ಒಂದೆರಡು ಮಹಡಿಯ ಮನೆಗೆ ಈ ವ್ಯತ್ಯಾಸ ಬರೋದಿಲ್ಲ, ಹತ್ತಿಪ್ಪತ್ತು ಮಹಡಿಗೆ ಬರುತ್ತೆ. ಕಬ್ಬಿಣದ ಖರ್ಚು ಅದೇ ಪ್ರಮಾಣದಲ್ಲಿ ಏರದಿದ್ದರೂ ಏರೋದಂತೂ ನಿಜ. ನೆಲವನ್ನು ಕಾಗದದ ಮೇಲೆ 'ಗಟ್ಟಿ' ಅಂತ ಬರೆದುಕೊಂಡರೆ ಯಾರಿಗೆ ಉಳಿತಾಯ ಅಂತ ಬಿಡಿಸಿ ಹೇಳಬೇಕಿಲ್ಲ.

ಕೆರೆ ಜಾಗ ಅಂದ ಕೂಡಲೇ ಹೆದರಿ ಓಡಬೇಕಿಲ್ಲ. ಬಂಡೆಯವರೆಗೆ ಪೈಲ್ ಇಳಿಸಿ ಸರಿಯಾಗಿ ಕಟ್ಟಬಹುದು. ಮೊದಲ ಕಂತು ಕಳಿಸುವ ಮುನ್ನ ಎರಡು ಕಾಗದ ಕೇಳಿದರೆ ಸಾಕು: ಮಣ್ಣು ಪರೀಕ್ಷೆಯ ವರದಿ, ಮತ್ತು ಕಟ್ಟಡದ ವಿನ್ಯಾಸದಲ್ಲಿ ಯಾವ ಬಗೆಯ ನೆಲ ಅಂತ ಹಿಡಿದಿದ್ದಾರೆ ಅನ್ನೋ ಪುಟ. ಊರಲ್ಲಿರೋ ಸಿವಿಲ್ ಇಂಜಿನಿಯರ್ ಒಬ್ಬರು ಎರಡನ್ನೂ ತಾಳೆ ನೋಡಬಲ್ಲರು. ವಾಟ್ಸ್‌ಆ್ಯಪ್‌ನಲ್ಲಿ ಈಜುಕೊಳದ ಫೋಟೋ ಕಳಿಸುವವರಿಗೆ ಈ ಪಿಡಿಎಫ್ ಕಳಿಸೋದು ಕಷ್ಟವೇನಲ್ಲ.