ಮಕ್ಕಳ ಕೈಗೆ ಬಂದ ಚಿತ್ರಕಥೆ

ಕೆಲವು ತಿಂಗಳ ಹಿಂದೆ ನನ್ನ ಸಹೋದ್ಯೋಗಿಗಳೊಬ್ಬರು ಮನೆಗೆ ಬಂದು, ಚೀಲದಿಂದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟು, 'ನೀವೇ ನೋಡಿ ಸ್ವಾಮಿ, ಏಳನೆಯ ತರಗತಿಯ ಹುಡುಗ ಓದತಕ್ಕ ಪುಸ್ತಕವೆ ಇದು?' ಎಂದು ಕೇಳಿದರು. ಅವರ ಮಗ ಗೆಳೆಯನಿಂದ ಎರವು ತಂದದ್ದು ಅದು. ಹಜಿಮೆ ಇಸಯಾಮ ಎಂಬ ಜಪಾನೀ ಲೇಖಕ ಬರೆದು ಚಿತ್ರಿಸಿದ 'ಅಟ್ಯಾಕ್ ಆನ್ ಟೈಟನ್' ಚಿತ್ರಕಥೆಯ ಮೊದಲ ಸಂಪುಟ, ಇಂಗ್ಲಿಷ್ ಅನುವಾದದಲ್ಲಿ. ಬಲದಿಂದ ಎಡಕ್ಕೆ ಓದಬೇಕಾದ ಪುಸ್ತಕವನ್ನು ನಾನು ವಾಡಿಕೆಯಂತೆ ತೆರೆದು ಕಥೆಯ ತುದಿಯನ್ನೇ ಮೊದಲು ಕಂಡು ತಬ್ಬಿಬ್ಬಾದೆ. ಕೋಟೆಯೊಳಗೆ ಅಡಗಿ ಬದುಕುವ ಮನುಷ್ಯರನ್ನು ದೈತ್ಯರು ಹಿಡಿದು ತಿನ್ನುತ್ತಾರೆ. ಕಥಾನಾಯಕನಾದ ಬಾಲಕನ ಕಣ್ಣೆದುರಿಗೇ ಅವನ ತಾಯಿ ದೈತ್ಯನ ಬಾಯಿಗೆ ಬೀಳುತ್ತಾಳೆ. ಮಿತ್ರರ ಕೋಪ ನಿಷ್ಕಾರಣವೆನ್ನುವಂತಿರಲಿಲ್ಲ.

'ಸುಟ್ಟುಬಿಡಲೆ?' ಎಂದರು. ಎರವಿನ ಪುಸ್ತಕವನ್ನು ಸುಡುವುದು ನ್ಯಾಯವಲ್ಲವೆಂದು ಹೇಳಿ ಅದನ್ನು ನನ್ನಲ್ಲೇ ಇರಿಸಿಕೊಂಡೆ.

ಹಾಗೆ ಸುಟ್ಟವರೂ ಉಂಟು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಶಾಲೆಯ ಮಕ್ಕಳಿಂದಲೇ ಚಿತ್ರಕಥೆಗಳ ರಾಶಿಗೆ ಬೆಂಕಿ ಹಾಕಿಸಿದರು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು, ಬಾಲಾಪರಾಧಕ್ಕೆ ಈ ಪುಸ್ತಕಗಳೂ ಕಾರಣವೆಂದು ವಾದಿಸಿ ಗ್ರಂಥವನ್ನೇ ಬರೆದರು. ಅದೇ ವರ್ಷ ಏಪ್ರಿಲಿನಲ್ಲಿ ಸೆನೆಟ್ ಉಪಸಮಿತಿಯ ಎದುರು ವಿಲಿಯಂ ಗೇನ್ಸ್ ಎಂಬ ಪ್ರಕಾಶಕ ಸಾಕ್ಷಿಗೆ ನಿಂತ. ಕಡಿದ ಹೆಣ್ಣಿನ ತಲೆಯನ್ನು ಕೈಯಲ್ಲಿ ಹಿಡಿದವನ ಚಿತ್ರವಿದ್ದ ರಕ್ಷಾಪುಟವನ್ನು ತೋರಿಸಿ, ಇದು ಸದಭಿರುಚಿಯೆ ಎಂದು ಕೇಳಿದ್ದಕ್ಕೆ ಆತ ಹೌದೆಂದನು. ತಲೆಯನ್ನು ಇನ್ನಷ್ಟು ಎತ್ತಿ ಹಿಡಿದು, ಕತ್ತಿನಿಂದ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಕೆಟ್ಟದ್ದಾಗುತ್ತಿತ್ತಂತೆ! ಆ ವರ್ಷವೇ ಪ್ರಕಾಶಕರು ತಮಗೆ ತಾವೇ ಕಟ್ಟುಪಾಡಿನ ಮುದ್ರೆಯೊಂದನ್ನು ಮಾಡಿಕೊಂಡರು. 2011ರ ವೇಳೆಗೆ ಅದನ್ನು ಒತ್ತುವವರೇ ಇಲ್ಲವಾದರು. ವರ್ಥಮ್ಮರ ಕಾಗದಪತ್ರಗಳನ್ನು ಪರಿಶೀಲಿಸಿದ ಕ್ಯಾರಲ್ ಟಿಲ್ಲಿ ಎಂಬ ವಿದುಷಿ, ಅವರು ಮಕ್ಕಳ ಮಾತುಗಳನ್ನು ತಿದ್ದಿ, ಬೆಸೆದು, ಹಿಗ್ಗಿಸಿ ಬರೆದಿದ್ದರೆಂಬುದನ್ನು 2012ರಲ್ಲಿ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿಯೂ 1956ರಲ್ಲಿ ಎಳೆಯರಿಗೆ ಹಾನಿಕರವಾದ ಪ್ರಕಟನೆಗಳನ್ನು ಕುರಿತ ಕಾಯಿದೆ ಬಂದಿತು. ಆದರೆ ಗೆಳೆಯನ ಚೀಲದಿಂದ ಚೀಲಕ್ಕೆ ಸಾಗುವ ಪುಸ್ತಕದ ದಾರಿಯಲ್ಲಿ ಯಾವ ಕಾಯಿದೆ ಕಾವಲು ನಿಂತೀತು?

ನಮ್ಮವರು ಇಂಥ ಚರ್ಚೆಯಲ್ಲಿ ಕೂಡಲೆ ಒಂದು ಮಾತನ್ನು ಎತ್ತುತ್ತಾರೆ: ನಮ್ಮ ಪುರಾಣಗಳಲ್ಲಿ ರಕ್ತವಿಲ್ಲವೆ? ಕಾರ್ಕಳದ ಅನಂತ ಪೈ ಅವರು 1967ರಲ್ಲಿ ತೊಡಗಿದ 'ಅಮರ ಚಿತ್ರಕಥೆ'ಯಲ್ಲಿ ವಧೆ ಇಲ್ಲವೆ? ನಿಜ, ಇದೆ. ನಾನೇ ಬಾಲ್ಯದಲ್ಲಿ ಅಜ್ಜಿಯ ಮಡಿಲಲ್ಲಿ ಕುಳಿತು, ಯಕ್ಷಗಾನದ ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವುದನ್ನು ನೋಡಿ ಕಿರುಚಿದ್ದೇನೆ. ಆದರೆ ಹಾಗೆ ವಾದಿಸುವವರು ಆ ಮಡಿಲನ್ನು ಮರೆಯುತ್ತಾರೆ. ನನ್ನ ಭಯಕ್ಕೆ ಒರಗಲು ಒಂದು ಮೈಯಿತ್ತು, ಸುತ್ತ ಊರಿತ್ತು, ಭಾಗವತರ ಹಾಡಿತ್ತು. ಕೊಂದವನೂ ಸತ್ತವನೂ ಬೆಳಿಗ್ಗೆ ಒಟ್ಟಿಗೆ ಕುಳಿತು ಕಾಫಿ ಕುಡಿಯುವುದನ್ನು ಕಂಡಿದ್ದೆ. ರಾತ್ರಿ ಹೊದಿಕೆಯೊಳಗೆ ಮೊಬೈಲಿನಲ್ಲಿ ಒಬ್ಬನೇ ಚಿತ್ರಕಥೆ ಓದುವ ಹುಡುಗನಿಗೆ ಇವು ಯಾವುವೂ ಇಲ್ಲ.

ಇನ್ನೊಂದು ಭೇದ ಕೃತಿಯೊಳಗೇ ಇದೆ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ಕವಿ ರಕ್ತವನ್ನು ಮರೆಮಾಚುವುದಿಲ್ಲ, ಆದರೆ ಸತ್ತವರಿಗಾಗಿ ಅಳುವವನೊಬ್ಬನನ್ನು ಅಲ್ಲಿ ನಿಲ್ಲಿಸುತ್ತಾನೆ. ಜಪಾನಿನ ಕೈಜಿ ನಕಜಾವ 1973ರಿಂದ ಬರೆದ 'ಬೇರ್‌ಫುಟ್ ಗೆನ್' ಚಿತ್ರಕಥೆಯೂ ಅಂಥದು. ಹಿರೋಷಿಮಾದಲ್ಲಿ ಬಾಂಬು ಬಿದ್ದಾಗ ಲೇಖಕನಿಗೆ ಆರು ವರ್ಷ. ತಂದೆ, ಅಕ್ಕ, ತಮ್ಮ ಮೂವರೂ ಕುಸಿದ ಮನೆಯಡಿ ಸಿಕ್ಕಿ ಸತ್ತರು. ಚರ್ಮ ಜೋಲುವ ಮನುಷ್ಯರನ್ನು ಆತ ಚಿತ್ರಿಸಿದ್ದಾನೆ. 2012ರ ಡಿಸೆಂಬರಿನಲ್ಲಿ ಮಾತ್ಸುಯೆ ನಗರದ ಶಿಕ್ಷಣ ಮಂಡಳಿ, ಶಾಲಾ ಗ್ರಂಥಾಲಯಗಳಲ್ಲಿ ಈ ಪುಸ್ತಕ ಮಕ್ಕಳ ಕೈಗೆ ತಾನಾಗಿ ಸಿಗದಂತೆ ಒಳಗಿಡಲು ತಿಳಿಸಿತು. ಕಾರಣವೆಂದು ಹೇಳಿದ್ದು, ಜಪಾನೀ ಸೈನಿಕರ ಕ್ರೌರ್ಯವನ್ನು ತೋರಿಸುವ ಚಿತ್ರಗಳನ್ನು! ದೇಶವ್ಯಾಪಿ ಟೀಕೆ ಬಂದು, 2013ರ ಆಗಸ್ಟಿನಲ್ಲಿ ಆ ಸೂಚನೆಯನ್ನು ಹಿಂತೆಗೆಯಬೇಕಾಯಿತು. ಹಿರಿಯರು ಮಕ್ಕಳನ್ನು ಕಾಪಾಡುತ್ತೇವೆನ್ನುವಾಗ ಕೆಲವೊಮ್ಮೆ ಕಾಪಾಡಿಕೊಳ್ಳುವುದು ತಮ್ಮನ್ನೇ.

ಇಸಯಾಮನ ಕಥೆಗೆ ಮರಳುತ್ತೇನೆ. ಒಬ್ಬ ವಿದ್ಯಾರ್ಥಿಯಲ್ಲಿ ಪೂರ್ತಿ 34 ಸಂಪುಟಗಳಿವೆಯೆಂದು ತಿಳಿದು, ಸಂಕೋಚ ಬಿಟ್ಟು ತರಿಸಿಕೊಂಡು ಓದಿದೆ. ತಾಯಿಯ ಸಾವನ್ನು ಕಂಡು ದೈತ್ಯರನ್ನೆಲ್ಲ ಕೊಲ್ಲುವೆನೆಂದು ಶಪಥಮಾಡಿದ ಬಾಲಕ, ಕೊನೆಗೆ ಅದೇ ದೈತ್ಯರನ್ನು ಲೋಕದ ಜನರ ಮೇಲೆ ನಡೆಸುತ್ತಾನೆ. ಮೊದಲ ಸಂಪುಟದ ಸೇಡು ಕೊನೆಯದರಲ್ಲಿ ಮಹಾಪಾತಕವಾಗಿ ನಿಲ್ಲುತ್ತದೆ. ಒಂದು ಪುಟ ತಿರುವಿ ತೀರ್ಪು ಕೊಟ್ಟಿದ್ದರೆ ನನಗಿದು ತಿಳಿಯುತ್ತಿರಲಿಲ್ಲ. ಹಾಗೆಂದು ಹನ್ನೆರಡು ವರ್ಷದ ಹುಡುಗ ಆ ದೂರವನ್ನು ಒಬ್ಬನೇ ನಡೆಯಬಲ್ಲನೆಂದೂ ನಾನು ಹೇಳಲಾರೆ; ನಡುವೆ ಹಲವು ಸಂಪುಟಗಳಲ್ಲಿ ಬರಿಯ ಕತ್ತರಿಸುವ ಹುರುಪೇ ಮೇಲಾಗಿದೆ. ಅವನ ಎಂಟು ವರ್ಷದ ತಂಗಿಯ ಕೈಗಂತೂ ಅದು ಬೀಳಕೂಡದು. ಇದನ್ನು ಮಿತ್ರರಿಗೆ ಸ್ಪಷ್ಟವಾಗಿಯೇ ಹೇಳಿದೆ.

ಅವರು ಮಗನನ್ನು ಗದರಿಸದೆ, ಏನು ಓದಿದೆಯೆಂದು ಕೇಳಿದರಂತೆ. ಹುಡುಗ ತಾಯಿ ಸಾಯುವ ಪುಟದಲ್ಲಿಯೇ ಪುಸ್ತಕ ಮುಚ್ಚಿ, ಮಂಚದ ಕೆಳಗೆ ತಳ್ಳಿಬಿಟ್ಟಿದ್ದನು. ಗೆಳೆಯನೆದುರು ಮಾತ್ರ ಎಲ್ಲ ಓದಿದೆನೆಂದು ಹೇಳಿಕೊಂಡಿದ್ದನು. 'ನೀವು ಓದಿ ಹೇಳಿ ಅಪ್ಪ, ಮುಂದೇನಾಯಿತು?' ಎಂದನಂತೆ.

ಈಗ ಶನಿವಾರ ಸಂಜೆ ತಂದೆ ಮಗ ಇಬ್ಬರೂ ನಮ್ಮ ಜಗಲಿಯಲ್ಲಿ ಕುಳಿತು ಓದುತ್ತಾರೆ. ಮೂರನೆಯ ಸಂಪುಟದಲ್ಲಿದ್ದಾರೆ. ನನ್ನ ವಿದ್ಯಾರ್ಥಿ ಮಾತ್ರ ಪರೀಕ್ಷೆಗೆ ಮುನ್ನ ತನ್ನ ಪುಸ್ತಕಗಳು ಬೇಕೆಂದು ಎರಡು ಸಲ ಕೇಳಿ ಹೋಗಿದ್ದಾನೆ.